ಒಂದು ಶಾಸನದ ಓದು, ಒಂದು ದ್ವೀಪದ ಶಾಂತಿ: ಒಕಿನಾವಾ ಕುರಿತ ಸಂಶೋಧನೆಗಳ ವಿಮರ್ಶೆ

ದ್ವೀಪಗಳ ರಾಜಕಾರಣ, ಪ್ರಾದೇಶಿಕ ಭದ್ರತೆ, ಶಾಂತಿಸ್ಥಾಪನೆ ಎಂಬ ಮೂರು ಮಾತುಗಳು ಈಚಿನ ದಶಕಗಳಲ್ಲಿ ಒಟ್ಟೊಟ್ಟಿಗೇ ಕೇಳಿಬರುತ್ತಿವೆ. ಇವು ಅಂತಾರಾಷ್ಟ್ರೀಯ ಸಂಬಂಧಗಳ ಶಾಸ್ತ್ರಕ್ಕೆ ಸೇರಿದವು. ನಡುಗಾಲದ ಕಾವ್ಯ ಮತ್ತು ಶಾಸನಗಳನ್ನು ಓದಿಸುವುದರಲ್ಲಿ ಮೂರು ದಶಕ ಕಳೆದ ನನ್ನಂಥವನು ಅಲ್ಲಿ ಕೈಹಾಕುವುದು ಅನಧಿಕಾರ ಪ್ರವೇಶವೆಂದು ತೋರಬಹುದು. ಆದರೆ ಹೊರನಾಡಿನ ಕನ್ನಡ ಪೀಠಗಳಲ್ಲಿ ಇರುವವರಿಗೆ ನೆರೆಯ ವಿಭಾಗಗಳ ವಿಚಾರಸಂಕಿರಣಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳುವ ಒಂದು ಸೌಲಭ್ಯವುಂಟು. ಅಂಥದೊಂದು ಸಂಕಿರಣದಲ್ಲಿ ಪೂರ್ವ ಏಷ್ಯದ ದ್ವೀಪಗಳ ಬಗ್ಗೆ ಪ್ರಬಂಧ ಓದಿದ ಯುವ ಸಂಶೋಧಕರೊಬ್ಬರು, ಒಕಿನಾವಾದ ಶಾಂತಿಪರಂಪರೆಗೆ ಆಧಾರವಾಗಿ ೧೫೦೯ರ ಒಂದು ಶಾಸನವನ್ನು ಉಲ್ಲೇಖಿಸಿದರು. ಶಾಸನವೆಂಬ ಮಾತು ಕಿವಿಗೆ ಬಿದ್ದೊಡನೆ ನನಗೆ ಎಚ್ಚರವಾಯಿತು. ಆ ಒಂದು ಶಾಸನದ ಸುತ್ತ ನಡೆದಿರುವ ವಾಗ್ವಾದವನ್ನು ಇಂಗ್ಲಿಷ್ ಅನುವಾದಗಳ ಮತ್ತು ಅಧ್ಯಯನಗಳ ಮೂಲಕ ಅನುಸರಿಸುತ್ತ ಹೋದಾಗ ಕಂಡದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲಿಗೆ ಭೂಗೋಳ. ಜಪಾನಿನ ನೈರುತ್ಯಕ್ಕೆ, ತೈವಾನಿನ ಕಡೆಗೆ ಬಾಗಿದಂತೆ ಹರಡಿರುವ ರ್ಯುಕ್ಯು ದ್ವೀಪಗಳಲ್ಲಿ ದೊಡ್ಡದು ಒಕಿನಾವಾ. ಹದಿನೈದನೆಯ ಶತಮಾನದಿಂದ ಇಲ್ಲಿ ಶೂರಿಯನ್ನು ರಾಜಧಾನಿಯಾಗಿ ಉಳ್ಳ ಸ್ವತಂತ್ರ ರಾಜ್ಯವೊಂದಿತ್ತು. ೧೬೦೯ರಲ್ಲಿ ದಕ್ಷಿಣ ಜಪಾನಿನ ಸತ್ಸುಮಾ ಪ್ರಭುತ್ವ ಇದನ್ನು ಗೆದ್ದುಕೊಂಡಿತು. ೧೮೭೯ರಲ್ಲಿ ಮೆಯಿಜಿ ಸರ್ಕಾರ ರಾಜ್ಯವನ್ನೇ ರದ್ದುಗೊಳಿಸಿ ಒಕಿನಾವಾ ಪ್ರಾಂತವನ್ನಾಗಿ ಮಾಡಿತು. ೧೯೪೫ರ ಯುದ್ಧದ ನಂತರ ೧೯೭೨ರವರೆಗೆ ಅಮೆರಿಕದ ಆಡಳಿತ. ಇಂದಿಗೂ ಜಪಾನಿನ ಒಟ್ಟು ನೆಲದಲ್ಲಿ ಶೇಕಡ ೦.೬ರಷ್ಟಿರುವ ಈ ಪ್ರಾಂತದಲ್ಲಿ, ಆ ದೇಶದಲ್ಲಿ ಅಮೆರಿಕದ ಸೇನೆಯೇ ಪ್ರತ್ಯೇಕವಾಗಿ ಬಳಸುವ ನೆಲೆಗಳ ವಿಸ್ತೀರ್ಣದ ಸುಮಾರು ಶೇಕಡ ೭೦ ಭಾಗವಿದೆ. ಈ ಎರಡು ಅಂಕಿಗಳ ನಡುವಣ ಅಂತರವೇ ಒಕಿನಾವಾ ಕುರಿತ ಎಲ್ಲ ಬರವಣಿಗೆಯ ಹಿಂದಿನ ಒತ್ತಡ.

ಭದ್ರತಾ ಅಧ್ಯಯನಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ೧೯೫೦ರ ಜನವರಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್ ತಮ್ಮ ದೇಶದ ರಕ್ಷಣಾರೇಖೆ ಅಲ್ಯೂಷಿಯನ್ ದ್ವೀಪಗಳಿಂದ ಜಪಾನ್, ರ್ಯುಕ್ಯುಗಳ ಮೂಲಕ ಫಿಲಿಪ್ಪೀನ್ಸ್‌ವರೆಗೆ ಸಾಗುವುದೆಂದು ಘೋಷಿಸಿದ ದಿನದಿಂದ ಈ ದ್ವೀಪಗಳು ಒಂದು ಗೆರೆಯ ಮೇಲಣ ಚುಕ್ಕೆಗಳಾದವು. ಅಮೆರಿಕದ ಆಡಳಿತಕಾಲದಲ್ಲಿ ಅಲ್ಲಿನ ವಾಹನಗಳ ನೋಂದಣಿ ಫಲಕಗಳ ಮೇಲೆಯೇ ಇದು ಪೆಸಿಫಿಕ್ಕಿನ ಕೀಲುಗಲ್ಲು ಎಂಬರ್ಥದ ಮಾತನ್ನು ಅಚ್ಚೊತ್ತಿಸುತ್ತಿದ್ದರು. ಆಮೇಲೆ ಬಂದ ಪರಿಭಾಷೆ 'ಮೊದಲನೆಯ ದ್ವೀಪಸರಪಳಿ'. ಸರಪಳಿ ಎಂಬ ರೂಪಕದಲ್ಲಿ ಕಟ್ಟುವವನೊಬ್ಬ, ಕಟ್ಟಿಸಿಕೊಳ್ಳುವವನೊಬ್ಬ ಇರುತ್ತಾರೆ. ಕೊಂಡಿಯಾದವನಿಗೆ ಮಾತಿಲ್ಲ. ಈ ಶಾಖೆಯ ಬಹಳಷ್ಟು ಬರಹಗಳಲ್ಲಿ ಅಲ್ಲಿ ಜನರಿದ್ದಾರೆ ಎಂಬ ಸಂಗತಿ 'ಸ್ಥಳೀಯ ವಿರೋಧ' ಎಂಬ ಉಪಶೀರ್ಷಿಕೆಯಡಿಯಲ್ಲಿ ಒಮ್ಮೆ ಬಂದು ಹೋಗುತ್ತದೆ.

ಇಲ್ಲಿ ಒಂದು ಪ್ರಾಸಂಗಿಕ ಮಾತು. 'ದ್ವೀಪ'ವೆಂಬ ಶಬ್ದಕ್ಕೆ ಎರಡು ಕಡೆ ನೀರುಳ್ಳದ್ದು ಎಂಬುದು ವ್ಯುತ್ಪತ್ತಿ. ನಮ್ಮ ಜೈನಕವಿಗಳ ಕಾವ್ಯಗಳಲ್ಲಿ ಕಥೆ ಆರಂಭವಾಗುವುದೇ ಲವಣಸಮುದ್ರ ಸುತ್ತುವರಿದ ಜಂಬೂದ್ವೀಪದ ವರ್ಣನೆಯಿಂದ. ಆ ಲೋಕದೃಷ್ಟಿಯಲ್ಲಿ ಮನುಷ್ಯರೆಲ್ಲರೂ ದ್ವೀಪವಾಸಿಗಳೇ. ಖಂಡದ ದಡದಲ್ಲಿ ನಿಂತು ದ್ವೀಪವನ್ನು ದೂರದಿಂದ ನೋಡುವ ನೋಟ ಅಲ್ಲಿ ಸಾಧ್ಯವಿಲ್ಲ. ಟೋಂಗಾ ಮೂಲದ ಲೇಖಕ ಎಪೆಲಿ ಹೌಒಫಾ ೧೯೯೩ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ, ಪೆಸಿಫಿಕ್ಕನ್ನು ದೂರದ ಸಮುದ್ರದಲ್ಲಿ ಚೆದರಿದ ದ್ವೀಪಗಳೆಂದು ಕಾಣುವ ಬದಲು ದ್ವೀಪಗಳಿಂದ ಕೂಡಿದ ಒಂದು ಸಮುದ್ರವೆಂದು ಕಾಣಬೇಕು ಎಂದು ವಾದಿಸಿದ್ದು ಇದೇ ದೋಷದ ವಿರುದ್ಧ. ದ್ವೀಪ ಅಧ್ಯಯನವೆಂಬ ಶಾಖೆ ಆ ಪ್ರಬಂಧವನ್ನು ಪದೇ ಪದೇ ಉದ್ಧರಿಸುತ್ತದೆ. ಅದರಂತೆ ನಡೆಯುವುದು ಮಾತ್ರ ಅಪರೂಪ.

ಭದ್ರತೆಯ ಬರಹಗಳಿಗೆ ಎದುರಾಗಿ ನಿಂತಿರುವುದು ಶಾಂತಿ ಅಧ್ಯಯನದ ಸಾಹಿತ್ಯ. ನನ್ನ ಸಹಾನುಭೂತಿ ಇರುವುದು ಇದರ ಕಡೆಗೆ. ನನ್ನ ತಕರಾರಿರುವುದೂ ಇದರೊಡನೆಯೇ. ಇದರ ವಾದಸರಣಿ ಸ್ಥೂಲವಾಗಿ ಹೀಗಿದೆ: ಒಕಿನಾವಾದವರು ಸ್ವಭಾವತಃ, ಪರಂಪರೆಯಿಂದ, ಶಾಂತಿಪ್ರಿಯರು, ಅವರ ರಾಜ್ಯ ಐದು ಶತಮಾನಗಳ ಹಿಂದೆಯೇ ಆಯುಧಗಳನ್ನು ತೊರೆದಿತ್ತು, ಆದ್ದರಿಂದ ಇಂದಿನ ಸೇನಾನೆಲೆಗಳು ಆ ನಾಡಿನ ಆತ್ಮಕ್ಕೇ ವಿರುದ್ಧವಾದವು. ಈ ವಾದಕ್ಕೆ ಎರಡು ಸಾಕ್ಷಿಗಳಿವೆ. ಒಂದು, ೧೮೧೬ರಲ್ಲಿ ಅಲ್ಲಿಗೆ ಹೋದ ಬ್ರಿಟಿಷ್ ನೌಕಾಧಿಕಾರಿ ಬೇಸಿಲ್ ಹಾಲ್‌ನ ಪ್ರವಾಸಕಥನ. ಆತ ೧೮೧೭ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್ನನನ್ನು ಕಂಡು, ಆಯುಧಗಳೇ ಇಲ್ಲದ ನಾಡೊಂದನ್ನು ನೋಡಿ ಬಂದೆನೆಂದು ಹೇಳಿದಾಗ ಆ ಮಾಜಿ ಚಕ್ರವರ್ತಿ ನಂಬಲಾರದೆ ಬೆರಗಾದನಂತೆ. ಕಥೆ ಸೊಗಸಾಗಿದೆ, ಆದ್ದರಿಂದಲೇ ಬಾಳಿದೆ. ಆದರೆ ಹಾಲ್ ಅಲ್ಲಿದ್ದದ್ದು ಕೆಲವು ವಾರಗಳು ಮಾತ್ರ. ಆ ವೇಳೆಗೆ ರ್ಯುಕ್ಯು ಸತ್ಸುಮಾದ ಹಿಡಿತಕ್ಕೆ ಬಂದು ಎರಡು ಶತಮಾನಗಳಾಗಿದ್ದವು. ಆ ಅಧೀನತೆಯನ್ನು ಹೊರಗಿನವರ ಕಣ್ಣಿಗೆ ಬೀಳದಂತೆ ಮರೆಮಾಡುವುದು ಶೂರಿಯ ಅಧಿಕಾರಿಗಳ ನಿತ್ಯದ ರಾಜಕಾರ್ಯವಾಗಿತ್ತು. ಅತಿಥಿ ಕಂಡದ್ದು ಅವನಿಗೆ ತೋರಿಸಿದ್ದನ್ನು.

ಎರಡನೆಯ ಸಾಕ್ಷಿಯೇ ಮೇಲೆ ಹೇಳಿದ ಶಾಸನ. ಇದು ಹೆಚ್ಚು ಗಂಭೀರವಾದದ್ದು.

ಶೋ ಶಿನ್ ಎಂಬ ಅರಸನ (೧೪೭೭-೧೫೨೬) ಕಾಲದಲ್ಲಿ, ೧೫೦೯ರಲ್ಲಿ, ಶೂರಿಯ ಅರಮನೆಯ ಮುಖ್ಯ ಭವನದ ಕಲ್ಲಿನ ಕಟಾಂಜನದ ಮೇಲೆ ಚೀನೀ ಭಾಷೆಯಲ್ಲಿ ಕೆತ್ತಿಸಿದ ಲೇಖನವದು. ಅದು ಅರಸನ ಕಾಲದ ಹನ್ನೊಂದು ಹಿರಿಮೆಗಳನ್ನು ಎಣಿಸುತ್ತದೆ. ಅದರಲ್ಲಿ ಒಂದು ಕಂಡಿಕೆ ಉಡುಪಿನ ರೇಷ್ಮೆ, ಪಾತ್ರೆಗಳ ಬೆಳ್ಳಿಬಂಗಾರಗಳ ಜೊತೆಗೆ ಕತ್ತಿ ಬಿಲ್ಲು ಬಾಣಗಳ ಸಂಗ್ರಹದ ಮಾತನ್ನಾಡುತ್ತದೆ. ಒಕಿನಾವಾ ಅಧ್ಯಯನದ ಪಿತಾಮಹರೆಂದು ಗೌರವಿಸಲ್ಪಡುವ ಇಹಾ ಫುಯೂ (೧೮೭೬-೧೯೪೭) ಇದನ್ನು ಅರಸನು ಆಯುಧಗಳನ್ನು ತೊರೆದ ನೀತಿಯ ಸೂಚನೆಯೆಂದು ಓದಿದರು. ೧೯೫೮ರಲ್ಲಿ ಪ್ರಕಟವಾಗಿ ಇಂಗ್ಲಿಷ್ ಓದುಗರಿಗೆ ಬಹುಕಾಲ ಏಕೈಕ ಆಕರದಂತಿದ್ದ ಜಾರ್ಜ್ ಕೆರ್ ಅವರ ಒಕಿನಾವಾ ಚರಿತ್ರೆಯಲ್ಲಿ, ಸಾಮಂತರ ಆಯುಧಗಳನ್ನೆಲ್ಲ ಶೂರಿಗೆ ತರಿಸಿ ಉಗ್ರಾಣಕ್ಕೆ ಹಾಕಿಸಿದನೆಂಬ ವಿವರದೊಡನೆ ಈ ಓದು ಇನ್ನಷ್ಟು ಬೆಳೆಯಿತು. ಬರಿಗೈ ಕಾಳಗದ ಕರಾಟೆ ಹುಟ್ಟಿದ್ದೇ ಈ ನಿಷೇಧದಿಂದ ಎಂಬ ಜನಪ್ರಿಯ ಕಥೆಯೂ ಇದಕ್ಕೆ ಅಂಟಿಕೊಂಡಿತು.

ಯುದ್ಧಾನಂತರ ನಾಕಾಹಾರಾ ಝೆನ್‌ಚೂ ಎಂಬ ಮತ್ತೊಬ್ಬ ಒಕಿನಾವಾ ವಿದ್ವಾಂಸರು ಈ ಓದನ್ನು ಅಲ್ಲಗಳೆದರು. ಕಂಡಿಕೆಯ ನೇರವಾದ ಅರ್ಥ ಬೇರೆಯೇ: ಕತ್ತಿ ಬಿಲ್ಲುಬಾಣಗಳನ್ನು ನಾಡಿನ ರಕ್ಷಣೆಯ ಸಾಧನಗಳಾಗಿ ಕೂಡಿಡಲಾಗಿದೆ, ಸಂಪತ್ತಿನಲ್ಲೂ ಶಸ್ತ್ರಬಲದಲ್ಲೂ ಈ ನಾಡಿಗೆ ಅನ್ಯನಾಡುಗಳು ಸಾಟಿಯಲ್ಲ ಎಂದು. ತ್ಯಾಗದ ಮಾತು ಎಲ್ಲಿಯೂ ಇಲ್ಲ, ಹೆಮ್ಮೆಯ ಮಾತು ಇದೆ. ಗ್ರೆಗರಿ ಸ್ಮಿಟ್ಸ್ ಅವರು ೨೦೧೦ರಲ್ಲಿ ಪ್ರಕಟಿಸಿದ ಲೇಖನ ಮತ್ತು ೨೦೧೯ರ 'ಮ್ಯಾರಿಟೈಮ್ ರ್ಯುಕ್ಯು' ಗ್ರಂಥ ಈ ವಿಮರ್ಶೆಯನ್ನು ಇಂಗ್ಲಿಷ್ ಓದುಗರ ಮುಂದಿಟ್ಟು, ರ್ಯುಕ್ಯು ರಾಜ್ಯದ ಸೈನಿಕ ವ್ಯವಸ್ಥೆಯ ಇತರ ಸಾಕ್ಷ್ಯಗಳೊಡನೆ ಸೇರಿಸಿ ಬಲಪಡಿಸಿವೆ.

ಕನ್ನಡ ಶಾಸನಗಳನ್ನು ಓದಿದ ಯಾರಿಗೂ ಇಲ್ಲಿ ನಾಕಾಹಾರಾ ಅವರ ಪಕ್ಷ ಸರಿಯೆಂದು ತೋರದೆ ಇರದು. ಹಿರಿಮೆಗಳನ್ನು ಒಂದು, ಎರಡು ಎಂದು ಎಣಿಸುವ ಬರಹ ಪ್ರಶಸ್ತಿಯ ಜಾತಿಗೆ ಸೇರಿದ್ದು. ಪ್ರಶಸ್ತಿಯಲ್ಲಿ ಅರಸನು ಆಯುಧವನ್ನು ತ್ಯಜಿಸಿದನೆಂದು ಬರೆಯಬೇಕಾದರೆ ಅದಕ್ಕೆ ಒಂದು ಧಾರ್ಮಿಕ ಸಂದರ್ಭ ಬೇಕು; ಇಲ್ಲದಿದ್ದರೆ ಅದು ಹೊಗಳಿಕೆಯಾಗುವುದಿಲ್ಲ. ರೇಷ್ಮೆ, ಚಿನ್ನ, ಕತ್ತಿ ಎಂಬ ಮೂರನ್ನು ಒಂದೇ ಉಸಿರಿನಲ್ಲಿ ಹೇಳಿದ ಮೇಲೆ, ಮೊದಲೆರಡು ಐಶ್ವರ್ಯದ ಕುರುಹುಗಳಾಗಿ ಮೂರನೆಯದು ಮಾತ್ರ ವೈರಾಗ್ಯದ ಕುರುಹಾಗುವುದು ಹೇಗೆ? ಇದಕ್ಕಿಂತ ನಿರ್ಣಾಯಕವಾದದ್ದು ಅದೇ ಶಾಸನದ ಇನ್ನೊಂದು ಕಂಡಿಕೆ. ೧೫೦೦ರಲ್ಲಿ ನೈರುತ್ಯದ ದ್ವೀಪಗಳ ಮೇಲೆ ನೂರು ಯುದ್ಧನೌಕೆಗಳನ್ನು ಕಳಿಸಿ, ಅಲ್ಲಿನವರನ್ನು ಮಣಿಸಿ, ಮರುವರ್ಷದಿಂದ ಬಟ್ಟೆ ಮತ್ತು ಧಾನ್ಯಗಳ ಕಪ್ಪ ತರಿಸಿಕೊಂಡದ್ದನ್ನು ಅದು ಹಿರಿಮೆಯೆಂದೇ ಎಣಿಸುತ್ತದೆ. ಹನ್ನೊಂದು ಕಂಡಿಕೆಗಳಲ್ಲಿ ಒಂದನ್ನು ಕಿತ್ತು ತೆಗೆದು ಓದಿದಾಗ ಮಾತ್ರ ಶೋ ಶಿನ್ ಅಹಿಂಸಾವ್ರತಿಯಾಗುತ್ತಾನೆ. ಶಾಸನದ ಒಂದು ಸಾಲನ್ನು ಹಿಡಿದು ಕವಿಯ ಕಾಲ, ದೇಶ, ಮತಗಳನ್ನು ನಿರ್ಣಯಿಸಿದ ಸಾಹಸಗಳು ನಮ್ಮಲ್ಲಿಯೂ ಕಡಿಮೆಯಲ್ಲವಾದ್ದರಿಂದ ನಗುವ ಹಕ್ಕು ನಮಗಿಲ್ಲ.

ಕಾವ್ಯದ ಸಾಕ್ಷ್ಯವೂ ಇದಕ್ಕೆ ಪೂರಕವಾಗಿದೆ. ರ್ಯುಕ್ಯುವಿನ ಪ್ರಾಚೀನ ಹಾಡುಗಳ ಸಂಕಲನವಾದ 'ಒಮೊರೊ ಸೋಶಿ' ೧೫೩೧ರಿಂದ ೧೬೨೩ರವರೆಗೆ ಇಪ್ಪತ್ತೆರಡು ಸಂಪುಟಗಳಲ್ಲಿ ಸಿದ್ಧವಾಯಿತು. ಪುನರಾವೃತ್ತಿಗಳೂ ಸೇರಿ ೧,೫೫೪ ಹಾಡುಗಳಿವೆ. ಅದರ ಭಾಷೆ ಬೇಗನೆ ದುರ್ಬೋಧವಾಗಿ, ೧೭೧೧ರಲ್ಲಿಯೇ ಹಳೆಯ ಶಬ್ದಗಳಿಗೆ ಒಂದು ಕೋಶವನ್ನು ರಚಿಸಬೇಕಾಯಿತು. ಇದನ್ನು ವ್ಯಾಸಂಗದ ವಸ್ತುವನ್ನಾಗಿಸಿದ ಕೀರ್ತಿ ಬಹುಪಾಲು ಇಹಾ ಅವರಿಗೇ ಸಲ್ಲಬೇಕು. ಪ್ರಧಾನ ಪೂಜಾರಿಣಿ ದೈವಶಕ್ತಿಯನ್ನು ಅರಸನಿಗೆ ಧಾರೆಯೆರೆಯುವ ಹಾಡುಗಳಲ್ಲಿ ದಂಡಯಾತ್ರೆಯ, ಗೆಲುವಿನ ಮಾತುಗಳು ಸ್ಪಷ್ಟವಾಗಿ ಬರುತ್ತವೆ. ಅವನ್ನು ಓದಿ ಸಂಪಾದಿಸಿದ ವಿದ್ವಾಂಸರೇ ಶಾಸನದ ಆ ಕಂಡಿಕೆಯನ್ನು ಹೀಗೆ ಓದಿದ್ದು ಏಕೆ ಎಂಬುದು ನಿಜವಾದ ಪ್ರಶ್ನೆ.

ಉತ್ತರವನ್ನು ಭಾಷೆಯಲ್ಲಲ್ಲ, ಕಾಲದಲ್ಲಿ ಹುಡುಕಬೇಕು. ಇಹಾ ಹುಟ್ಟಿದ ಮೂರು ವರ್ಷಗಳಲ್ಲಿ ಅವರ ರಾಜ್ಯ ಅಳಿಯಿತು. ೧೯೦೩ರ ಒಸಾಕಾ ವಸ್ತುಪ್ರದರ್ಶನದ ವೇಳೆ, ಐನು ಮತ್ತು ತೈವಾನಿನ ಮೂಲನಿವಾಸಿಗಳೊಡನೆ ಒಕಿನಾವಾದ ಹೆಂಗಸರನ್ನೂ ಮನುಷ್ಯಜಾತಿಗಳ ಮಾದರಿಗಳೆಂಬಂತೆ ಪ್ರದರ್ಶನಕ್ಕಿಟ್ಟರು. ಹಿಂದುಳಿದವರೆಂದು ಹೀಗಳೆಯಲ್ಪಟ್ಟ ಒಂದು ಜನಕ್ಕೆ, ನಾವು ನಿಮಗಿಂತ ಮೊದಲೇ ಕತ್ತಿಯನ್ನು ಕೆಳಗಿಟ್ಟವರು ಎಂಬ ಮಾತು ಎಷ್ಟು ದೊಡ್ಡ ಆಸರೆಯಾಗಿರಬೇಕು! ೧೯೧೧ರ 'ಕೊ-ರ್ಯುಕ್ಯು' ಗ್ರಂಥದಿಂದ ಮೊದಲುಗೊಂಡು ಇಹಾ ಮಾಡಿದ ಕೆಲಸವೆಲ್ಲ ತನ್ನ ಜನರಿಗೊಂದು ಭೂತಕಾಲವನ್ನು ದೊರಕಿಸಿಕೊಡುವ ಕೆಲಸ. ನಮ್ಮ ಏಕೀಕರಣದ ಕಾಲದ ಹಿರಿಯರ ಬರಹಗಳನ್ನು ಬಲ್ಲವರಿಗೆ ಈ ಧ್ವನಿ ಅಪರಿಚಿತವಲ್ಲ. ತಪ್ಪು ಓದನ್ನು ತಪ್ಪೆನ್ನೋಣ. ಆದರೆ ಅದು ಅಜ್ಞಾನದಿಂದ ಹುಟ್ಟಿದ ತಪ್ಪಲ್ಲ.

ಇಂಥದೇ ಒಂದು ಚರ್ಚೆ ಕರ್ನಾಟಕದ ಚರಿತ್ರೆಯಲ್ಲಿ ತಲೆಕೆಳಗಾಗಿ ನಡೆದಿದೆ. ಜೈನರ ಅಹಿಂಸೆಯಿಂದ ಕನ್ನಡ ರಾಜ್ಯಗಳು ದುರ್ಬಲವಾದವೆಂಬ ಆಪಾದನೆಯೊಂದಿತ್ತು. ಬಿ.ಎ. ಸಾಲೆತೂರರು ೧೯೩೮ರಲ್ಲಿ ಮುಂಬಯಿಯಿಂದ ಪ್ರಕಟವಾದ 'ಮೀಡಿಯೀವಲ್ ಜೈನಿಸಂ' ಗ್ರಂಥದಲ್ಲಿ ಜೈನ ದಂಡನಾಯಕರ ಸಾಲನ್ನೇ ತಂದು ನಿಲ್ಲಿಸಿದರು. ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನೇ 'ಸಮರಧುರಂಧರ', 'ವೀರಮಾರ್ತಂಡ' ಎಂಬ ಬಿರುದುಗಳನ್ನು ಹೊತ್ತವನು. ಕತ್ತಿ ಹಿಡಿದವನು ಅಹಿಂಸೆಯನ್ನು ನಂಬಿರಲಿಲ್ಲವೆಂದಾಗಲಿ, ಅಹಿಂಸೆಯನ್ನು ನಂಬಿದವನು ಕತ್ತಿ ಹಿಡಿಯಲಿಲ್ಲವೆಂದಾಗಲಿ ತೀರ್ಮಾನಿಸಿದರೆ ಚಾವುಂಡರಾಯ ನಮ್ಮ ಕೈಗೆ ಸಿಕ್ಕುವುದಿಲ್ಲ. ನಡುಗಾಲದ ಮನುಷ್ಯನಿಂದ ನಮ್ಮ ಕಾಲದ ಪಕ್ಷವೊಂದರ ಸದಸ್ಯತ್ವವನ್ನು ನಿರೀಕ್ಷಿಸುವುದೇ ಮೂಲದೋಷ.

ಒಕಿನಾವಾಕ್ಕೆ ಮರಳೋಣ. ಇನ್ನೊಂದು ಲೇಖನದ ಗತಿಯನ್ನೂ ನೋಡಬೇಕು. ೧೪೫೮ರಲ್ಲಿ ಶೋ ತೈಕ್ಯು ಎಂಬ ಅರಸನು ಎರಕ ಹೊಯ್ಯಿಸಿದ ಒಂದು ಗಂಟೆಯ ಮೇಲೆ, ದಕ್ಷಿಣ ಸಮುದ್ರದ ಈ ನಾಡು ಚೀನಾ ಜಪಾನುಗಳ ನಡುವೆ ಇದ್ದು ತನ್ನ ಹಡಗುಗಳನ್ನು ಸೇತುವೆಯಾಗಿಸಿ ಸಕಲ ರಾಜ್ಯಗಳೊಡನೆ ಬೆಸೆದುಕೊಂಡಿದೆ ಎಂಬ ಅರ್ಥದ ಮಾತುಗಳಿವೆ. ಗಂಟೆ ೧೯೪೫ರ ಬೆಂಕಿಯಲ್ಲೂ ಉಳಿದು ಈಗ ಪ್ರಾಂತದ ವಸ್ತುಸಂಗ್ರಹಾಲಯದಲ್ಲಿದೆ. 'ಸಕಲ ರಾಷ್ಟ್ರಗಳ ಸೇತುವೆ' ಎಂಬ ಈ ನುಡಿ ಶಾಂತಿವಾದಿಗಳಿಗೂ ಪ್ರಿಯ, ಸರ್ಕಾರಕ್ಕೂ ಪ್ರಿಯ. ೨೦೦೦ದಲ್ಲಿ ಎಂಟು ರಾಷ್ಟ್ರಗಳ ಶೃಂಗಸಭೆ ನಾಗೋದಲ್ಲಿ ನಡೆದಾಗ ಅದಕ್ಕೆಂದು ಕಟ್ಟಿದ ಸಭಾಭವನಕ್ಕೆ ಈ ಗಂಟೆಯ ನುಡಿಯಿಂದಲೇ ಹೆಸರಿಟ್ಟರು. ಅದೇ ವರ್ಷ ರ್ಯುಕ್ಯು ಚರಿತ್ರೆಯ ಹಿರಿಯ ವಿದ್ವಾಂಸ ತಕಾರಾ ಕುರಾಯೋಶಿ ಮತ್ತು ಇಬ್ಬರು ಸಹೋದ್ಯೋಗಿಗಳು 'ಒಕಿನಾವಾ ಇನಿಶಿಯೇಟಿವ್' ಎಂಬ ಪ್ರಣಾಳಿಕೆಯನ್ನು ಮಂಡಿಸಿ, ಜಪಾನ್-ಅಮೆರಿಕ ಮೈತ್ರಿಯಲ್ಲಿ ಒಕಿನಾವಾ ವಹಿಸಿರುವ ಪಾತ್ರವನ್ನು ಒಪ್ಪಿಕೊಂಡು ಮುನ್ನಡೆಯಬೇಕೆಂದಾಗ ಅಲ್ಲಿ ದೊಡ್ಡ ವಿವಾದವೆದ್ದಿತು. ಪ್ರಾಚೀನ ಸಾಕ್ಷ್ಯಗಳನ್ನು ಅತ್ಯಂತ ಚೆನ್ನಾಗಿ ಬಲ್ಲ ವಿದ್ವಾಂಸರೊಬ್ಬರು ಸೇನಾನೆಲೆಗಳ ವಾಸ್ತವವನ್ನು ಒಪ್ಪುವ ಪಕ್ಷದಲ್ಲಿದ್ದರು ಎಂಬುದು ಚಿಂತನೆಗೆ ಯೋಗ್ಯವಾದ ಸಂಗತಿ. ಸೇತುವೆಯ ಮೇಲೆ ವ್ಯಾಪಾರಿಯೂ ನಡೆಯುತ್ತಾನೆ, ಸೈನ್ಯವೂ ನಡೆಯುತ್ತದೆ. ಪರಂಪರೆಯ ಇತಿಹಾಸ ಹೇಳುವಂತೆ, ಗಂಟೆಯನ್ನು ಎರೆದ ಆ ೧೪೫೮ರಲ್ಲಿಯೇ ಗೊಸಾಮಾರು ಮತ್ತು ಅಮಾವಾರಿ ಎಂಬ ಇಬ್ಬರು ಬಲಿಷ್ಠ ಒಡೆಯರನ್ನು ಶೂರಿಯ ಸೈನ್ಯ ನಾಶಮಾಡಿತು.

ಶಾಂತಿ ಅಧ್ಯಯನಗಳ ಇನ್ನೂ ದೊಡ್ಡ ಕೊರತೆ ದಕ್ಷಿಣದ ಕಿರುದ್ವೀಪಗಳಿಗೆ ಸಂಬಂಧಿಸಿದ್ದು. ಮಿಯಾಕೊ ಮತ್ತು ಯಾಯೆಯಾಮಾ ದ್ವೀಪಗಳಿಗೆ ಶೂರಿಯೇ ಒಂದು ಮುಖ್ಯಭೂಮಿಯಾಗಿತ್ತು. ೧೫೦೦ರ ನೂರು ಹಡಗುಗಳು ಹೋದದ್ದು ಅಲ್ಲಿಗೆ. ಇಶಿಗಾಕಿಯಲ್ಲಿ ಶೂರಿಯನ್ನು ಎದುರಿಸಿ ಮಡಿದ ಒಯಾಕೆ ಅಕಾಹಾಚಿ ಶೂರಿಯ ಚರಿತ್ರೆಯಲ್ಲಿ ದ್ರೋಹಿ, ತನ್ನ ದ್ವೀಪದಲ್ಲಿ ವೀರ. ೧೬೩೭ರಿಂದ ಈ ದ್ವೀಪಗಳ ಮೇಲೆ ಹೇರಿದ ತಲೆಗಂದಾಯ ರಾಜ್ಯವೇ ಅಳಿದ ಮೇಲೂ ಮುಂದುವರಿದು ೧೯೦೩ರವರೆಗೆ ನಡೆಯಿತು. ಟೋಕಿಯೊ ಒಕಿನಾವಾವನ್ನು ಬಳಸಿಕೊಂಡಿತೆಂದು ನ್ಯಾಯವಾಗಿಯೇ ದೂರುವ ಗ್ರಂಥಗಳಲ್ಲಿ ಶೂರಿ ಮಿಯಾಕೊವನ್ನು ಬಳಸಿಕೊಂಡ ಕಥೆಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ. ಇದು ಪುರಾತನ ವಿಷಯವೂ ಅಲ್ಲ. ತೈವಾನಿನಿಂದ ಸುಮಾರು ೧೧೦ ಕಿಲೋಮೀಟರ್ ದೂರದಲ್ಲಿರುವ ಯೊನಾಗುನಿಯಲ್ಲಿ ೨೦೧೬ರಲ್ಲಿ, ಮಿಯಾಕೊದಲ್ಲಿ ೨೦೧೯ರಲ್ಲಿ, ಇಶಿಗಾಕಿಯಲ್ಲಿ ೨೦೨೩ರಲ್ಲಿ ಜಪಾನಿನ ಭೂಸೇನೆಯ ನೆಲೆಗಳು ಆರಂಭವಾದವು. ಯೊನಾಗುನಿಯಲ್ಲಿ ೨೦೧೫ರ ಜನಮತಗಣನೆಯಲ್ಲಿ ಬಹುಮತ ನೆಲೆಯ ಪರವಾಗಿಯೇ ಬಂದಿತು. ಜನಸಂಖ್ಯೆ ಕುಗ್ಗುತ್ತಿರುವ ಪುಟ್ಟ ದ್ವೀಪವೊಂದರಲ್ಲಿ ಸೈನಿಕನ ಸಂಸಾರ ಬಂದರೆ ಶಾಲೆ ಉಳಿದೀತು ಎಂಬ ಲೆಕ್ಕಾಚಾರವನ್ನು ಶಾಂತಿಪ್ರಿಯ ಸ್ವಭಾವದ ಸಿದ್ಧಾಂತ ವಿವರಿಸಲಾರದು. ಸರಪಳಿಯ ಸಿದ್ಧಾಂತವಂತೂ ವಿವರಿಸುವ ಗೋಜಿಗೇ ಹೋಗುವುದಿಲ್ಲ.

ಹಾಗಾದರೆ ಶಾಸನದ ಓದು ತಪ್ಪಾದೊಡನೆ ಒಕಿನಾವಾದವರ ಶಾಂತಿಯ ಬೇಡಿಕೆಯೂ ಬಿದ್ದುಹೋಯಿತೇ? ಸ್ಮಿಟ್ಸ್ ಅವರ ಲೇಖನವನ್ನು ಆತುರದಿಂದ ಓದಿದವರು ಹಾಗೆಂದುಕೊಳ್ಳುವ ಅಪಾಯವಿದೆ, ಅದು ತರ್ಕವಾಗಲಾರದು. ಆ ಬೇಡಿಕೆಯ ಆಧಾರ ೧೫೦೯ ಅಲ್ಲ, ೧೯೪೫. ಆ ವರ್ಷದ ಏಪ್ರಿಲಿನಿಂದ ಜೂನ್‌ವರೆಗಿನ ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಸಂಖ್ಯೆಯ ನಾಗರಿಕರು, ತಮ್ಮನ್ನು ಕಾಯಬೇಕಾದ ಸೈನ್ಯದಿಂದಲೇ ಗುಹೆಗಳಿಂದ ಹೊರದೂಡಲ್ಪಟ್ಟವರು, ಆತ್ಮಹತ್ಯೆಗೆ ನೂಕಲ್ಪಟ್ಟವರು ಇದ್ದರು. ಓತಾ ಮಸಾಹಿದೆ (೧೯೨೫-೨೦೧೭) ವಿದ್ಯಾರ್ಥಿಯಾಗಿದ್ದಾಗಲೇ ಆ ಯುದ್ಧಕ್ಕೆ ಸೇರಿಸಲ್ಪಟ್ಟು ಬದುಕುಳಿದವರು. ಮುಂದೆ ಪ್ರಾಧ್ಯಾಪಕರಾಗಿ ಆ ಯುದ್ಧದ ಚರಿತ್ರೆಯನ್ನು ಬರೆದರು. ೧೯೯೦ರಿಂದ ೧೯೯೮ರವರೆಗೆ ಪ್ರಾಂತದ ಗವರ್ನರ್ ಆಗಿ, ಸೇನಾನೆಲೆಗಳ ಭೂಮಿಯ ಗುತ್ತಿಗೆಗೆ ಒಪ್ಪದ ಮಾಲೀಕರ ಪರವಾಗಿ ತಾವು ಸಹಿಹಾಕಲು ನಿರಾಕರಿಸಿ, ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತರು. ಅವರ ಬರಹಗಳಲ್ಲಿಯೂ ಆಯುಧರಹಿತ ಪರಂಪರೆಯ ಮಾತು ಬರುತ್ತದೆ. ಅದರ ಅಗತ್ಯ ಅವರಿಗಿರಲಿಲ್ಲವೆಂದು ನನ್ನ ಅಭಿಪ್ರಾಯ. ಕಣ್ಣಾರೆ ಕಂಡವನಿಗೆ ಶೋ ಶಿನ್‌ನ ಸಾಕ್ಷಿ ಬೇಕೆ?

ಓತಾ ಅವರ ಆಡಳಿತದಲ್ಲಿಯೇ, ೧೯೯೫ರ ಜೂನ್ ೨೩ರಂದು, 'ಶಾಂತಿಯ ಅಡಿಗಲ್ಲು' ಎಂಬ ಸ್ಮಾರಕ ಅನಾವರಣಗೊಂಡಿತು. ಕಪ್ಪು ಕಲ್ಲಿನ ಗೋಡೆಗಳ ಮೇಲೆ ೨,೪೦,೦೦೦ಕ್ಕೂ ಹೆಚ್ಚು ಹೆಸರುಗಳಿವೆ: ಒಕಿನಾವಾದವರು, ಜಪಾನಿನ ಇತರ ಪ್ರಾಂತಗಳವರು, ಅಮೆರಿಕನ್ನರು, ಬ್ರಿಟಿಷರು, ಕೊರಿಯನ್ನರು, ತೈವಾನಿನವರು. ನಮ್ಮ ವೀರಗಲ್ಲು ತನ್ನೂರಿಗಾಗಿ ಸತ್ತವನನ್ನು ನಿಲ್ಲಿಸುತ್ತದೆ. ಅವನನ್ನು ಕೊಂದವನ ಹೆಸರನ್ನು ಜೊತೆಗೆ ಗೌರವದಿಂದ ಕೆತ್ತುವುದಿಲ್ಲ. ಈ ದೃಷ್ಟಿಯಿಂದ ಒಕಿನಾವಾದ ಗೋಡೆ ಶಾಸನಗಳ ಚರಿತ್ರೆಯಲ್ಲಿಯೇ ಹೊಸತು. ಅದೂ ನಿರ್ವಿವಾದವಲ್ಲ. ಬಲಾತ್ಕಾರದಿಂದ ಕರೆತರಲ್ಪಟ್ಟ ತಮ್ಮವರನ್ನು, ಕರೆತಂದವರ ಪಕ್ಕದಲ್ಲಿ ಕೆತ್ತಬೇಡಿರೆಂದು ಕೆಲವು ಕೊರಿಯನ್ ಕುಟುಂಬಗಳು ಒಪ್ಪಿಗೆ ನೀಡಲಿಲ್ಲ. ಆ ಖಾಲಿ ಜಾಗವೂ ಶಾಸನದ ಪಾಠಕ್ಕೆ ಸೇರಿದ್ದೆಂದೇ ನಾನು ಭಾವಿಸುತ್ತೇನೆ.

ಗವನ್ ಮೆಕ್ಕಾರ್ಮಕ್ ಮತ್ತು ಸಾತೋಕೋ ಓಕಾ ನೊರಿಮಾತ್ಸು ಅವರ 'ರೆಸಿಸ್ಟಂಟ್ ಐಲೆಂಡ್ಸ್' (೨೦೧೨) ಈ ಸಾಹಿತ್ಯದಲ್ಲಿ ಬಹಳ ಉಪಯುಕ್ತವಾದ ಗ್ರಂಥ. ಅದರ ಬಲವಿರುವುದು ಯುದ್ಧಾನಂತರದ ದಾಖಲೆಗಳ ನಿರೂಪಣೆಯಲ್ಲಿ. ಫುತೆನ್ಮಾ ವಾಯುನೆಲೆಯನ್ನು ಹಿಂದಿರುಗಿಸುವ ೧೯೯೬ರ ಒಪ್ಪಂದ ಹೇಗೆ ಹೆನೊಕೊದಲ್ಲಿ ಹೊಸ ನೆಲೆ ಕಟ್ಟುವ ಯೋಜನೆಯಾಗಿ ಪರಿಣಮಿಸಿತೆಂಬುದನ್ನು ತಿಳಿಯಲು ಅದನ್ನು ಓದಬೇಕು. ಅದರ ನಂತರದ ಕಥೆಯೂ ಅದೇ ದಿಕ್ಕಿನಲ್ಲಿದೆ. ೨೦೧೯ರ ಫೆಬ್ರುವರಿಯ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಸುಮಾರು ಶೇಕಡ ೭೨ ಮಂದಿ ಸಮುದ್ರವನ್ನು ತುಂಬುವ ಕಾಮಗಾರಿಯನ್ನು ವಿರೋಧಿಸಿದರು. ೨೦೨೩ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನ್ಯಾಯಾಲಯದ ತೀರ್ಪಿನ ಬಲದಿಂದ ಗವರ್ನರರ ಬದಲಿಗೆ ತಾನೇ ಅನುಮತಿ ನೀಡಿಕೊಂಡಿತು. ೨೦೨೪ರ ಜನವರಿಯಲ್ಲಿ ಓರಾ ಕೊಲ್ಲಿಯ ಬದಿಯ ಕೆಲಸ ಆರಂಭವಾಯಿತು. ಈ ವಿವಾದದಲ್ಲಿ ನ್ಯಾಯ ಯಾವ ಕಡೆಗಿದೆಯೆಂದು ಹೇಳಲು ನಡುಗಾಲದ ಯಾವ ಕಲ್ಲನ್ನೂ ಎತ್ತಬೇಕಾಗಿಲ್ಲ.

ಈ ವಿಷಯವನ್ನು ಕೈಗೊಳ್ಳುವ ನಮ್ಮ ಸಂಶೋಧಕರಿಗೆ ಎರಡು ಸೂಚನೆಗಳು. ಸ್ಮಿಟ್ಸ್ ಅವರ ೨೦೧೯ರ ಗ್ರಂಥವನ್ನೂ ಮೆಕ್ಕಾರ್ಮಕ್-ನೊರಿಮಾತ್ಸು ಅವರ ಗ್ರಂಥವನ್ನೂ ಬೇರೆ ಬೇರೆ ಕಪಾಟುಗಳಲ್ಲಿಡದೆ ಒಟ್ಟಿಗೆ ಓದಬೇಕು. ಒಂದು ಇತಿಹಾಸದ್ದು, ಇನ್ನೊಂದು ರಾಜ್ಯಶಾಸ್ತ್ರದ್ದು ಎಂದು ಗ್ರಂಥಾಲಯಗಳು ವಿಂಗಡಿಸಿರುತ್ತವೆ. ಮತ್ತು ೧೫೦೯ರ ಶಾಸನವನ್ನು ಉದ್ಧರಿಸುವುದಾದರೆ ಹನ್ನೊಂದು ಕಂಡಿಕೆಗಳನ್ನೂ ಕ್ರಮವಾಗಿ ಕೊಟ್ಟು, ನೂರು ಹಡಗುಗಳು ಹೋದ ಆ ದ್ವೀಪಗಳನ್ನು ನಕ್ಷೆಯಲ್ಲಿ ಗುರುತಿಸಿ, ಆಮೇಲೆ ಮಾತನ್ನು ಮುಂದುವರಿಸಬೇಕು.